ಪಕ್ಕದ ಮನೆಯ ಕೋವಿ, ನಮ್ಮ ಮನೆಯ ಮಕ್ಕಳು

ಈ ತಿಂಗಳ ಪ್ರಶ್ನೋತ್ತರವನ್ನು ಮಕ್ಕಳಿರುವಲ್ಲಿ ಕೋವಿ ಇಡುವ ಬಗೆ ಎಂಬ ಒಂದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇವೆ. ಪತ್ರ ಬರೆದವರ ಹೆಸರು ಹಾಕಿಲ್ಲ. ಹಳ್ಳಿಯಲ್ಲಿ ಕೋವಿ ಇರುವ ಮನೆ ಎಷ್ಟಿರುತ್ತವೆ, ಹೆಸರು ಕಂಡರೆ ಸಾಕು, ಯಾರ ಮನೆಯ ಮಾತೆಂದು ಊರಿಗೇ ತಿಳಿದುಹೋಗುತ್ತದೆ.

ಪ್ರಶ್ನೆ: ಪಕ್ಕದ ಮನೆಯ ಅಣ್ಣನವರಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ಅವರ ಕೇಪಿನ ಕೋವಿ ಯಾವಾಗಲೂ ಜಗಲಿಯ ಗೋಡೆಯಲ್ಲಿ, ಮೊಳೆಗೆ ತೂಗಿಕೊಂಡಿರುತ್ತದೆ. ಅವರ ಮೊಮ್ಮಗನಿಗೆ ಐದು ವರ್ಷ, ನಮ್ಮ ಮಕ್ಕಳಿಗೆ ನಾಲ್ಕು ಮತ್ತು ಏಳು. ಮೂವರೂ ಆಡುವುದು ಅದೇ ಜಗಲಿಯಲ್ಲಿ. ಕೇಳಿದರೆ "ಕೇಪು ತೆಗೆದಿಟ್ಟಿದೀನಿ ಮಾರಾಯ್ತಿ, ಕೇಪಿಲ್ಲದ ಕೋವಿ ಬರೀ ದೊಣ್ಣೆ" ಅನ್ನುತ್ತಾರೆ. ನಿಜವೇ? ಬಾಂಧವ್ಯ ಕೆಡದ ಹಾಗೆ ನಾನೇನು ಮಾಡಬಹುದು?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಅರ್ಧ ನಿಜ. ಅಪಾಯ ಇರುವುದು ಉಳಿದ ಅರ್ಧದಲ್ಲಿ.

ಕೇಪಿನ ಕೋವಿಗೆ ಎಲ್ಲವನ್ನೂ ನಳಿಗೆಯ ಬಾಯಿಯಿಂದಲೇ ತುಂಬಬೇಕು. ಮೊದಲು ಕರಿಮದ್ದು, ಅದರ ಮೇಲೆ ನಾರಿನ ಉಂಡೆ, ಆಮೇಲೆ ಚರೆ (ಸೀಸದ ಸಣ್ಣ ಗುಂಡುಗಳು), ಚರೆ ಉದುರದಂತೆ ಮತ್ತೆ ಒಂದಿಷ್ಟು ನಾರು. ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ, ಜಡಿದು ಕೂರಿಸಿದರೆ ಈಡು ತಯಾರು. ನಳಿಗೆಯ ಹಿಂಭಾಗದಲ್ಲಿ ನಿಪ್ಪಲ್ ಅನ್ನುವ ಸಣ್ಣ ಕೊಳವೆ ಇರುತ್ತದೆ, ಅದರ ತಲೆಯ ಮೇಲೆ ಟೋಪಿಯ ಹಾಗೆ ಕೇಪು ಕೂರುತ್ತದೆ. ಕುದುರೆ (ಟ್ರಿಗರ್ ಎಳೆದಾಗ ಸುತ್ತಿಗೆಯ ಹಾಗೆ ಬೀಳುವ ಭಾಗ) ಬಂದು ಬಡಿದರೆ ಕೇಪು ಕಿಡಿ ಕಾರುತ್ತದೆ, ಕಿಡಿ ಕೊಳವೆಯಲ್ಲಿ ಇಳಿದು ಮದ್ದಿಗೆ ತಾಗುತ್ತದೆ. ಕೇಪಿಲ್ಲದಿದ್ದರೆ ಕಿಡಿಯಿಲ್ಲ. ಅಷ್ಟರ ಮಟ್ಟಿಗೆ ಅಣ್ಣನವರ ಮಾತು ಸರಿ.

ಆದರೆ ತೋಟಾ, ಅಂದರೆ ಕಾರ್ಟ್ರಿಜ್, ಹಾಕುವ ಕೋವಿಯಲ್ಲಾದರೆ ಮಡಚಿ ತೋಟಾ ಎಳೆದುಕೊಳ್ಳಬಹುದು. ಇದರಲ್ಲಿ ಜಡಿದ ಈಡನ್ನು ಹಾಗೆ ಹೊರತೆಗೆಯಲು ಬರುವುದಿಲ್ಲ. ಒಂದೋ ಹೊಡೆದು ಖಾಲಿ ಮಾಡಬೇಕು, ಇಲ್ಲವೇ ಗಜದ ತುದಿಗೆ ತಿರುಪಿನ ಮುಳ್ಳು ಹಾಕಿ ನಾರನ್ನು ಕೊರೆದು ಎಳೆಯಬೇಕು. ಎರಡನೆಯದು ಬಂದೂಕು ರಿಪೇರಿ ಬಲ್ಲವರ ಕೆಲಸ. ಹೀಗಾಗಿ ರಾತ್ರಿ ಹಂದಿ ಬರುತ್ತದೆಂದು ತುಂಬಿದ ಕೋವಿ, ಹಂದಿ ಬಾರದಿದ್ದರೆ ತುಂಬಿದ ಹಾಗೆಯೇ ಮೊಳೆಗೆ ಹೋಗುತ್ತದೆ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ಮನೆಯವರಿಗೇ ಮರೆತು, ಇರುವ ಈಡಿನ ಮೇಲೆ ಇನ್ನೊಂದನ್ನು ಜಡಿಯುವುದೂ ಉಂಟು. ಆಗ ಹೊಡೆದರೆ ಹಂದಿಗಿಂತ ಮೊದಲು ನಳಿಗೆ ಸಿಡಿಯಬಹುದು.

ಇನ್ನು ತೆಗೆದಿಟ್ಟ ಕೇಪು ಎಲ್ಲಿದೆ? ಬಹಳ ಮನೆಗಳಲ್ಲಿ ಅದೇ ಜಗಲಿಯ ಗೂಡಿನಲ್ಲಿ, ಎಲೆಅಡಿಕೆ ತಟ್ಟೆಯ ಪಕ್ಕ, ಹಳೇ ಪೌಡರ್ ಡಬ್ಬಿಯೊಳಗೆ. ದೀಪಾವಳಿಯಲ್ಲಿ ಕೇಪಿನ ಪಿಸ್ತೂಲು ಹೊಡೆದ ಏಳು ವರ್ಷದ ಮಗುವಿಗೆ ಕೇಪು ಎಲ್ಲಿ ಕೂರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೋವಿಯನ್ನೇ ಮುಟ್ಟದೆ ಬರೀ ಕೇಪನ್ನು ಕಲ್ಲಿನಿಂದ ಜಜ್ಜಿದರೂ ಅದರ ಲೋಹದ ಚೂರು ಕಣ್ಣಿಗೆ ಹಾರುತ್ತದೆ. ಪಟಾಕಿಯ ಕೇಪು ಬರೀ ಕಾಗದ. ಇದು ಲೋಹ.

ಮೂರನೆಯದು ಕುದುರೆ. ಅದನ್ನು ಅರ್ಧ ಎಳೆದು ನಿಲ್ಲಿಸುವ ಒಂದು ಹಲ್ಲು ಒಳಗಿರುತ್ತದೆ. ಅಜ್ಜನ ಕಾಲದ ಕೋವಿಗಳಲ್ಲಿ ಅದು ಸವೆದಿರುತ್ತದೆ. ಕೇಪು ಹಾಕಿದ ಕೋವಿ ಮೊಳೆಯಿಂದ ಜಾರಿ ನೆಲಕ್ಕೆ ಬಿದ್ದರೆ ಸಾಕು, ಟ್ರಿಗರ್‌ಗೆ ಯಾರ ಬೆರಳೂ ತಾಗಬೇಕಾಗಿಲ್ಲ. ಟ್ರಿಗರ್ ಎಳೆಯಲಿಕ್ಕೂ ಸುಮಾರು ಎರಡು ಕಿಲೋ ಭಾರ ಎತ್ತುವಷ್ಟು ಬಲ ಬಂದರೆ ಆಯಿತು. ಪುಟ್ಟ ಮಕ್ಕಳು ಹಿಡಿಯನ್ನು ಹೊಟ್ಟೆಗೆ ಒತ್ತಿ, ಎರಡೂ ಹೆಬ್ಬೆರಳು ಸೇರಿಸಿ ಎಳೆಯುತ್ತಾರೆ. ಹಾಗೆ ಹಿಡಿದಾಗ ನಳಿಗೆ ಯಾರ ಕಡೆ ತಿರುಗಿರುತ್ತದೆ ಎಂಬುದನ್ನು ಒಂದು ಕೋಲು ಹಿಡಿದು ನೋಡಿಕೊಳ್ಳಿ.

ಈಗ ಮಾತಾಡುವ ಬಗೆ. "ನೀವು ಜಾಗ್ರತೆಯಾಗಿದೀರಾ?" ಎಂದು ಕೇಳಬೇಡಿ. ಜಾಗ್ರತೆ ಇಲ್ಲ ಎನ್ನುವ ಗಂಡಸು ಇನ್ನೂ ಹುಟ್ಟಬೇಕು. ವಸ್ತುವಿನ ಬಗ್ಗೆ ಕೇಳಿ: ಈಗ ಒಳಗೆ ಈಡು ಇದೆಯಾ, ಕೇಪು ಎಲ್ಲಿದೆ, ಮದ್ದು ಎಲ್ಲಿದೆ, ಬೀಗದ ಕೀಲಿ ಯಾರ ಹತ್ತಿರ. ನಾಲ್ಕು ಜನ ಕೂತಾಗ ಬೇಡ, ಅವರೊಬ್ಬರೇ ಅಡಿಕೆ ಸುಲಿಯುತ್ತಾ ಕೂತಾಗ ಹೋಗಿ. "ಅಣ್ಣ, ನಮ್ಮ ಹುಡುಗ್ರು ನಿಮ್ಮ ಜಗಲೀಲೇ ಬೆಳೀತಿದಾವೆ. ನಿಮ್ಮ ಮೇಲೆ ಸಂಶಯ ಇಲ್ಲ, ಹುಡುಗ್ರ ಕೈ ಮೇಲೆ ನಂಗೆ ನಂಬಿಕೆ ಇಲ್ಲ. ಒಂದು ಪೆಟ್ಟಿಗೆ ಮಾಡ್ಸಾಣ, ಅರ್ಧ ದುಡ್ಡು ನಾನು ಕೊಡ್ತೀನಿ" ಅಂದರೆ ಮುಖ ಸಿಂಡರಿಸುವವರು ಕಡಿಮೆ. ಅತ್ತಿಗೆಯವರ ಹತ್ತಿರವೂ ಬೇರೆಯಾಗಿ ಮಾತಾಡಿ. ಗಂಡ ಅಡಗಿಸಿಟ್ಟ ಕೀಲಿ ಎಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ. ಮೊಮ್ಮಗನಿಗೂ ಗೊತ್ತಿರುತ್ತದೆ.

ಕೋವಿ ಖಾಲಿಯಾ ಎಂದು ತಿಳಿಯುವ ಉಪಾಯ ಹಳೆಯದು. ಅದನ್ನು ಅವರೇ ಮಾಡಿ ತೋರಿಸಲಿ, ನೀವು ಕೈ ಹಾಕಬೇಡಿ. ಖಾಲಿ ನಳಿಗೆಗೆ ಗಜವನ್ನು ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಕೊರೆದಿಟ್ಟುಕೊಳ್ಳಬೇಕು. ಮುಂದೆ ಯಾವತ್ತು ಇಳಿಸಿದರೂ ಗೆರೆ ಬಾಯಿಯ ಮಟ್ಟಕ್ಕೇ ನಿಂತರೆ ನಳಿಗೆ ಬರಿದು. ಮೂರು ಬೆರಳಷ್ಟು ಮೇಲೆ ನಿಂತರೆ ಒಳಗೆ ಈಡಿದೆ. ಕೇಪು ತೆಗೆದು, ಮುಖವನ್ನು ಬಾಯಿಯ ನೇರದಿಂದ ಪಕ್ಕಕ್ಕೆ ಸರಿಸಿಕೊಂಡೇ ಇದನ್ನು ಮಾಡುವುದು.

ಪೆಟ್ಟಿಗೆ ಎಂಥದ್ದು? ಈ ಕೋವಿ ನಾಲ್ಕು ಅಡಿಗೂ ಉದ್ದ, ಬೀರುವಿನ ಅರೆಯಲ್ಲಿ ಹಿಡಿಯುವುದಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಐದು ಅಡಿ ಎತ್ತರದ, ಒಂದು ಅಡಿ ಅಗಲದ ಕಬ್ಬಿಣದ ಶೀಟಿನ ಪೆಟ್ಟಿಗೆ ಮಾಡಿಸಿ. ಒಳಗಿನಿಂದಲೇ ನಾಲ್ಕು ಆಂಕರ್ ಬೋಲ್ಟ್ ಹಾಕಿ ಗೋಡೆಗೆ ಬಿಗಿಯಬೇಕು. ಮದ್ದು, ಚರೆ, ಕೇಪು ಈ ಪೆಟ್ಟಿಗೆಯಲ್ಲಿ ಇರಬಾರದು, ಬೇರೆ ಕೋಣೆಯಲ್ಲಿ ಬೇರೆ ಬೀಗದೊಳಗೆ ಇರಬೇಕು. ಮಳೆಗಾಲದಲ್ಲಿ ಮದ್ದು ತಂಪಾಗುತ್ತದೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವವರಿದ್ದಾರೆ. ಕರಿಮದ್ದಿಗೆ ಒಂದು ಕಿಡಿ ಸಾಕು. ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅಡುಗೆಮನೆಯಿಂದ ದೂರ ಇಟ್ಟರೆ ಮದ್ದು ಕೆಡುವುದಿಲ್ಲ. ಕೀಲಿ ಮನೆಯ ಗೊಂಚಲಲ್ಲಿ ಬೇಡ. ಉಡಿದಾರಕ್ಕೇ ಕಟ್ಟಿಕೊಳ್ಳಲಿ.

ಪೆಟ್ಟಿಗೆ ಬರುವವರೆಗೆ ಇಂದೇ ಮಾಡಬಹುದಾದ ಕೆಲಸವೊಂದಿದೆ. ಖಾಲಿ ಮಾಡಿದ ಕೋವಿಯ ನಿಪ್ಪಲ್ಲನ್ನು ಅದರ ಪಾನಾದಿಂದ (ಸ್ಪ್ಯಾನರಿನಿಂದ) ಬಿಚ್ಚಿ ತೆಗೆದಿಡುವುದು. ಅದಿಲ್ಲದಿದ್ದರೆ ಕೇಪು ಕೂರಿಸಲು ಜಾಗವೇ ಇಲ್ಲ. ನಿಮ್ಮ ಅಣ್ಣನವರು ಹೇಳುವ ದೊಣ್ಣೆ ಆಗುವುದು ಆವಾಗ.

ಇಷ್ಟಾದರೂ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಆಟವನ್ನು ನಿಮ್ಮ ಅಂಗಳಕ್ಕೆ ತನ್ನಿ. ಆಮೇಲೆ ಬೀಟ್ ಪೊಲೀಸರಿಗೆ ಬಾಯಿಮಾತಿನಲ್ಲಿ ಹೇಳಿ. ಆ ಮಾತು ಅವರ ಬಾಯಿಂದ ಬಂದರೆ ತೂಕವೇ ಬೇರೆ. ಅದೂ ಸಾಗದಿದ್ದರೆ ಠಾಣೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕಳಿಸಿ. ಲೈಸೆನ್ಸ್ ಕೊಡುವವರು ಅವರು. ಸಾರ್ವಜನಿಕರ ಸುರಕ್ಷತೆಗೆ ಅಗತ್ಯವೆಂದು ಕಂಡರೆ ಅದನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಂನಲ್ಲಿದೆ. ಲೈಸೆನ್ಸಿನ ಷರತ್ತು ಮುರಿದರೆ 30ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಬ್ಬರ ಜೀವಕ್ಕೆ ಅಪಾಯ ತರುವಂಥ ದುಡುಕು, ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಬೇರೆ ಇದೆ. ಅರ್ಜಿಯಲ್ಲಿ ಕಂಡದ್ದನ್ನಷ್ಟೇ ಬರೆಯಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಕೋವಿ ಎಲ್ಲಿತ್ತು, ಮಕ್ಕಳು ಎಷ್ಟು ಹತ್ತಿರದಲ್ಲಿದ್ದರು. ಹಳೇ ಬೇಲಿ ಜಗಳವನ್ನು ಅದಕ್ಕೆ ಸೇರಿಸಿದಿರೋ, ಇಡೀ ಅರ್ಜಿಯೇ ಬೇಲಿ ಜಗಳವಾಗುತ್ತದೆ.

ಲೈಸೆನ್ಸೇ ಇಲ್ಲದ ನಾಡಕೋವಿಯಾದರೆ ಈ ಮೆಟ್ಟಿಲುಗಳು ಬೇಕಿಲ್ಲ, ನೇರ ಠಾಣೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸಜೆ.

ಪ್ರಶ್ನೆ: ಕೋವಿ ಇಟ್ಟುಕೊಂಡವರ ಕಷ್ಟವನ್ನೂ ಬರೆಯಿರಿ. ಮಂಗನ ಹಿಂಡು ತೋಟಕ್ಕೆ ಇಳಿದಾಗ ಬೀಗ ತೆಗೆಯುತ್ತಾ ಕೂರಲಾಗುತ್ತದೆಯೇ? ಪೆಟ್ಟಿಗೆಯೊಳಗೆ ಇಟ್ಟರೆ ನಮ್ಮ ಕಡೆಯ ಮಳೆಗೆ ತುಕ್ಕು ಹಿಡಿಯುತ್ತದೆ. ಜಗಲಿಯಲ್ಲಿ ಗಾಳಿಯಾಡುತ್ತದೆ ಅಂತಲೇ ತೂಗುಹಾಕುವುದು.
— ಹೊಸನಗರದ ಓದುಗರು

ಉತ್ತರ: ತುಕ್ಕಿನ ಮಾತು ನೂರಕ್ಕೆ ನೂರು ನಿಜ, ಬೀಗದ ಮಾತು ಅಲ್ಲ. ಕೇಪಿನ ಕೋವಿಗೆ ಈಡು ತುಂಬಲು ಎಷ್ಟೇ ಕೈ ಪಳಗಿದ್ದರೂ ಒಂದು ನಿಮಿಷ ಬೇಕು. ನಂಬರ್ ಬೀಗ ತೆಗೆಯಲು ಹತ್ತು ಸೆಕೆಂಡು. ತಡವಾಗುವುದು ಬೀಗದಿಂದಲ್ಲ. ತಡವಾಗಬಾರದೆಂದು ಮೊದಲೇ ತುಂಬಿಡುವುದಿದೆಯಲ್ಲ, ಅಪಾಯ ಅದರಲ್ಲಿದೆ. ತುಂಬುವುದೂ ತೋಟದಲ್ಲಿ, ಖಾಲಿ ಮಾಡುವುದೂ ತೋಟದಲ್ಲಿ ಎಂದು ಇಟ್ಟುಕೊಳ್ಳಿ. ಕಾವಲು ಮುಗಿಸಿ ಬರುವಾಗ ಈಡು ಉಳಿದಿದ್ದರೆ ಮೆತ್ತಗಿನ ಮಣ್ಣಿನ ದರೆಗೆ ಓರೆಯಾಗಿ ಹೊಡೆದು ಬನ್ನಿ. ಕಲ್ಲಿಗೂ ನೀರಿಗೂ ಬೇಡ, ಚರೆ ಚಿಮ್ಮುತ್ತದೆ. ಮದ್ದು ತಣ್ಣಗಾಗಿ ಹತ್ತದಿದ್ದರೆ ತಕ್ಷಣ ಇಳಿಸಬೇಡಿ. ನಳಿಗೆಯನ್ನು ಅದೇ ದರೆಯ ಕಡೆ ಹಿಡಿದುಕೊಂಡು ಪೂರಾ ಒಂದು ನಿಮಿಷ ನಿಲ್ಲಿ, ಕೆಲವು ಸಲ ಒಳಗೊಳಗೇ ಹೊಗೆಯಾಡಿ ತಡವಾಗಿ ಹಾರುತ್ತದೆ. ಹೊಸ್ತಿಲು ದಾಟುವಾಗ ನಳಿಗೆ ಬರಿದಾಗಿರಬೇಕು. ಒಂದು ಈಡು ದಂಡವಾಯಿತೆಂದು ಲೆಕ್ಕ ಹಾಕಬೇಡಿ.

ತುಕ್ಕಿಗೆ ಮುಖ್ಯ ಕಾರಣ ಸುಟ್ಟ ಕರಿಮದ್ದಿನ ಮಸಿ. ಅದರಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಅದು ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಜಗಲಿಯ ಗಾಳಿಗೆ ಅದು ಹೋಗುವುದಿಲ್ಲ, ಇನ್ನಷ್ಟು ತೇವ ಕುಡಿಯುತ್ತದೆ. ಹೊಡೆದ ದಿನವೇ ನಳಿಗೆಗೆ ಕುದಿನೀರು ಹಾಕಿ ತೊಳೆಯಬೇಕು. ಗಜಕ್ಕೆ ಬಟ್ಟೆ ಸುತ್ತಿ, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಬೇಕು. ಬಿಸಿಗೆ ನಳಿಗೆ ತಾನಾಗಿ ಒಣಗುತ್ತದೆ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಪೆಟ್ಟಿಗೆಯ ಮೇಲೊಂದು ಕೆಳಗೊಂದು ಸಾಲು ಸಣ್ಣ ತೂತು ಕೊರೆಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಆಡಿಸಿದರೆ ಜಗಲಿಗಿಂತ ಪೆಟ್ಟಿಗೆಯಲ್ಲೇ ಕೋವಿ ಚೆನ್ನಾಗಿರುತ್ತದೆ.

ಜೋಡುನಳಿಗೆಯ 12 ಬೋರ್ ತೋಟಾ ಕೋವಿ ಇರುವವರ ಕೆಲಸ ಇನ್ನೂ ಹಗುರ. ಅದು ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ: ನಳಿಗೆ, ಹಿಡಿ, ನಳಿಗೆಯಡಿಯ ಮರದ ತುಂಡು. ಸಾಧಾರಣವಾಗಿ 28ರಿಂದ 30 ಇಂಚಿರುವ ನಳಿಗೆ ಮನೆಯ ಕಬ್ಬಿಣದ ಬೀರುವಿನ ಅರೆಯಲ್ಲಿ ಅಡ್ಡಲಾಗಿ ಹಿಡಿಯುತ್ತದೆ. ಮುಂದಿನ ಮರದ ತುಂಡನ್ನೂ ತೋಟಾಗಳನ್ನೂ ಬೇರೆ ಬೀಗದೊಳಗೆ ಇಟ್ಟರಾಯಿತು. ಸೇಫ್ಟಿ ಗುಂಡಿ ಹಾಕಿದೆ ಎಂಬ ಧೈರ್ಯ ಮಾತ್ರ ಬೇಡ. ಬಹಳಷ್ಟು ಹಳೇ ಜೋಡುನಳಿಗೆಗಳಲ್ಲಿ ಆ ಗುಂಡಿ ಟ್ರಿಗರನ್ನಷ್ಟೇ ತಡೆಯುತ್ತದೆ, ಒಳಗಿನ ಕುದುರೆಯನ್ನಲ್ಲ. ಜೋರಾಗಿ ಬಿದ್ದರೆ ಅದು ಕಳಚಿ ಹೊಡೆಯಬಹುದು.

ಪ್ರಶ್ನೆ: ಮಕ್ಕಳಿಗೇ "ಮುಟ್ಟಬಾರದು" ಎಂದು ಚೆನ್ನಾಗಿ ಕಲಿಸಿದರೆ ಸಾಲದೇ?
— ಶಿರಸಿಯ ಓದುಗರು

ಉತ್ತರ: ಸಾಲದು. ಅಮೆರಿಕದ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ 2001ರಲ್ಲಿ ಬಂದ ಒಂದು ಪ್ರಯೋಗವಿದೆ. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರನ್ನು ಇಬ್ಬರು ಮೂವರಂತೆ ಒಂದು ಕೋಣೆಯಲ್ಲಿ ಆಡಲು ಬಿಟ್ಟರು. ಡ್ರಾಯರುಗಳಲ್ಲಿ ಎರಡು ನೀರಿನ ಪಿಸ್ತೂಲು, ಒಂದರಲ್ಲಿ ಗುಂಡಿಲ್ಲದ ನಿಜವಾದ ಪಿಸ್ತೂಲು. ಹದಿನೈದು ನಿಮಿಷದೊಳಗೆ 48 ಹುಡುಗರಿಗೆ ಅದು ಸಿಕ್ಕಿತು. 30 ಜನ ಕೈಗೆತ್ತಿಕೊಂಡರು, 16 ಜನ ಟ್ರಿಗರ್ ಎಳೆದರು. ಸಿಕ್ಕವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಆಟಿಕೆಯೋ ನಿಜವೋ ತಿಳಿಯಲಿಲ್ಲ. ಎತ್ತಿಕೊಂಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬಂದೂಕಿನ ಬಗ್ಗೆ ಮೊದಲೇ ಬುದ್ಧಿಮಾತು ಕೇಳಿದ್ದವರು.

ಕಲಿಸಬೇಡಿ ಎಂದಲ್ಲ. ಕಲಿಸುವುದಾದರೆ ಭಾಷಣ ಬೇಡ, ಆಡಿಸಿ ಕಲಿಸಿ. ಆಟಿಕೆ ಪಿಸ್ತೂಲೊಂದನ್ನು ಹಾಸಿಗೆಯ ಮೇಲಿಟ್ಟು, ಕಂಡ ಕೂಡಲೇ ನಿಲ್ಲುವುದು, ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವುದು, ಕೋಣೆಯಿಂದ ಹೊರಗೆ ಬರುವುದು, ದೊಡ್ಡವರಿಗೆ ಹೇಳುವುದು, ಇಷ್ಟನ್ನು ನಾಲ್ಕೈದು ಸಲ ಮಾಡಿಸಿ. ತಿಂಗಳು ಬಿಟ್ಟು, ಹೇಳದೆ ಕೇಳದೆ ಇನ್ನೊಮ್ಮೆ ಇಟ್ಟು ನೋಡಿ. ಬಂದು ಹೇಳಿದ ಮಗುವನ್ನು "ಅಲ್ಲಿಗೆ ಯಾಕೆ ಹೋಗಿದ್ದೆ" ಎಂದು ಗದರಿದರೆ ಎರಡನೇ ಸಲ ಅದು ಬಂದು ಹೇಳುವುದಿಲ್ಲ.

ಪ್ರಶ್ನೆ: ವಿರಾಜಪೇಟೆಯಲ್ಲಿ ಕೊಡವ ಕುಟುಂಬದವರ ಮನೆಯ ಪಕ್ಕ ಬಾಡಿಗೆಗಿದ್ದೇವೆ. ಕೈಲ್‌ಪೊಳ್ದ್‌ಗೆ ಮಕ್ಕಳನ್ನು ಪ್ರೀತಿಯಿಂದ ಕರೆಯುತ್ತಾರೆ. ಅವತ್ತು ಕೋವಿಗಳನ್ನೆಲ್ಲ ಹೊರಗೆ ಇಟ್ಟಿರುತ್ತಾರೆ. ಇಲ್ಲಿ ಲೈಸೆನ್ಸೇ ಬೇಕಿಲ್ಲವಂತೆ. ಹಾಗಿದ್ದರೆ ನಿಯಮವೂ ಇಲ್ಲವೇ?

ಉತ್ತರ: ಮಕ್ಕಳನ್ನು ಧಾರಾಳವಾಗಿ ಕಳಿಸಿ, ಜೊತೆಗೆ ನೀವೂ ಹೋಗಿ. ಸೆಪ್ಟೆಂಬರ್ ಮೊದಲ ವಾರದ ಆ ಹಬ್ಬದ ದಿನ ಕೋವಿಯನ್ನು ತೊಳೆದು, ಎಣ್ಣೆ ಸವರಿ, ಹೂವಿಟ್ಟು ಪೂಜಿಸುತ್ತಾರೆ. ಮನೆಯ ಹಿರಿಯರೆಲ್ಲ ಅಲ್ಲೇ ಇರುತ್ತಾರೆ, ಹತ್ತು ಕಣ್ಣು ಕೋವಿಯ ಮೇಲಿರುತ್ತವೆ. ನೋಡಿಕೊಳ್ಳಬೇಕಾದದ್ದು ಪೂಜೆಯ ಹೊತ್ತನ್ನಲ್ಲ, ತೆಂಗಿನಕಾಯಿಗೆ ಗುರಿ ಹೊಡೆದು, ಊಟ ಮುಗಿದು, ನೆಂಟರು ಹೊರಟ ಮೇಲಿನ ಸಂಜೆಯನ್ನು. ಕೋವಿ ಮೂಲೆಗೆ ಒರಗಿರುತ್ತದೆ, ಉಳಿದ ಎರಡು ತೋಟಾ ಯಾರದೋ ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಜೇಬಿನಲ್ಲಿರುತ್ತವೆ. ಆ ಹೊತ್ತಿಗೆ ಮಕ್ಕಳನ್ನು ಮನೆಗೆ ಕರೆತನ್ನಿ. ಇನ್ನೊಂದು ಮಾತು: ಕೋವಿಗೆ ಮುಡಿಸುವ ಕೆಂಪು ಹಳದಿಯ ತೋಕ್ ಪೂ ನೋಡಲು ಬಲು ಚೆಂದ, ಆದರೆ ಆ ಬಳ್ಳಿಯ ಗೆಡ್ಡೆಯಿಂದ ಹಿಡಿದು ಎಲ್ಲ ಭಾಗವೂ ವಿಷ. ನಾಲ್ಕು ವರ್ಷದ ಮಗು ಅದನ್ನು ಬಾಯಿಗೆ ಹಾಕದಂತೆಯೂ ನೋಡಿಕೊಳ್ಳಿ.

ಕಾನೂನಿನ ವಿಷಯ: ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯ್ತಿಯ ಬೇರು 1861ರಷ್ಟು ಹಿಂದಿನದು. ಈಗ ಜಾರಿಯಲ್ಲಿರುವುದು 2019ರ ಕೇಂದ್ರ ಅಧಿಸೂಚನೆ, 2029ರ ಅಕ್ಟೋಬರ್ 31ರವರೆಗೆ. ಅದನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ವಿನಾಯ್ತಿ ಇರುವುದು ಲೈಸೆನ್ಸ್ ಪಡೆಯುವುದರಿಂದ. ನಿರ್ಲಕ್ಷ್ಯದಿಂದ ಯಾರಿಗಾದರೂ ಪೆಟ್ಟಾದರೆ, ಜೀವ ಹೋದರೆ ನ್ಯಾಯ ಸಂಹಿತೆಯ 125 ಮತ್ತು 106ನೇ ಕಲಂಗಳು ಎಲ್ಲರಿಗೂ ಒಂದೇ. ದೂರು ಹೋಗುವ ದಾರಿಯೂ ಅದೇ, ಠಾಣೆ ಮತ್ತು ಜಿಲ್ಲಾಧಿಕಾರಿ. ತಲೆಮಾರುಗಳಿಂದ ಕೋವಿ ಹಿಡಿದ ಮನೆಯ ಹಿರಿಯರಿಗೆ ಈ ಕಲಂ ಓದಿ ಹೇಳಲು ಹೋಗಬೇಡಿ. "ಮಕ್ಕಳಿಗೆ ಕೋವಿಯ ಶಿಸ್ತು ನೀವೇ ಒಂದು ಮಾತು ಹೇಳಿ, ಇಡುವ ಜಾಗ ನನಗೆ ತೋರಿಸಿ" ಎಂದು ಕೇಳಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್. ಎದುರು ಮನೆಯವರ ಬಳಿ ಲೈಸೆನ್ಸ್ ಇರುವ ಪಿಸ್ತೂಲಿದೆ, ಹಾಸಿಗೆ ಪಕ್ಕದ ಡ್ರಾಯರಿನಲ್ಲಿ ಇಡುತ್ತಾರೆ. "ಮ್ಯಾಗಜೀನ್ ತೆಗೆದಿಟ್ಟಿದ್ದೇನೆ" ಅನ್ನುತ್ತಾರೆ.

ಉತ್ತರ: ಕೇಪಿನ ಕಥೆಯೇ, ನಗರದ ವೇಷದಲ್ಲಿ. ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬಿ, ತೆಗೆದರೂ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜೀನ್ ತೆಗೆದ ಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದೆಳೆದು, ಚೇಂಬರನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿದರೆ ಮಾತ್ರ ಖಾಲಿ ಎನ್ನಬಹುದು. ಕ್ರಮ ತಪ್ಪಿ ಮೊದಲು ಸ್ಲೈಡ್ ಎಳೆದರೆ ಮ್ಯಾಗಜೀನಿನಿಂದ ಹೊಸ ಗುಂಡು ಏರಿ ಕೂರುತ್ತದೆ.

ಡ್ರಾಯರಿನ ಬೀಗ ಬೀಗವಲ್ಲ, ಊಟದ ಚಮಚಕ್ಕೂ ತೆರೆದುಕೊಳ್ಳುತ್ತದೆ. ಗೋಡೆಗೋ ಬೀರುವಿನ ತಳಕ್ಕೋ ಬೋಲ್ಟ್ ಮಾಡಿದ ಸಣ್ಣ ಡಿಜಿಟಲ್ ಸೇಫ್ ಇರಲಿ, ನಂಬರು ಮಕ್ಕಳ ಹುಟ್ಟಿದ ದಿನ ಆಗಿರದಿರಲಿ. ಕಾರಿನ ಡ್ಯಾಶ್‌ಬೋರ್ಡು, ಆಫೀಸು ಬ್ಯಾಗು ಎರಡನ್ನೂ ಕೇಳಿ, ಜನ ಮರೆಯುವುದು ಅಲ್ಲೇ. ಊರಿಗೆ ಹೋಗುವಾಗ ಅಧಿಕೃತ ಬಂದೂಕು ಅಂಗಡಿಯಲ್ಲಿ ಕಸ್ಟಡಿಗೆ ಇಡಲು ಆಗುತ್ತದೆ. ಬೆಂಗಳೂರಿನಲ್ಲಿ ಲೈಸೆನ್ಸ್ ಅಧಿಕಾರ ಪೊಲೀಸ್ ಆಯುಕ್ತರದು, ಅರ್ಜಿ ಅಲ್ಲಿಗೆ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ. ಮಗಳನ್ನು ಸಹಪಾಠಿಯ ಮನೆಗೆ ಆಡಲು ಕಳಿಸಬೇಕು. "ಮನೆಯಲ್ಲಿ ಗನ್ ಇದೆಯಾ" ಎಂದು ಕೇಳಲು ಸಂಕೋಚ.

ಉತ್ತರ: ಅಲ್ಲಿ ಅದನ್ನು ಕೇಳದಿರುವುದೇ ತಪ್ಪು. 2020ರಿಂದ ಅಮೆರಿಕದಲ್ಲಿ ಒಂದರಿಂದ ಹತ್ತೊಂಬತ್ತು ವಯಸ್ಸಿನವರ ಸಾವಿಗೆ ಬಂದೂಕೇ ಮೊದಲ ಕಾರಣ, ರಸ್ತೆ ಅಪಘಾತವನ್ನೂ ಅದು ಹಿಂದೆ ಹಾಕಿತು. ಮಕ್ಕಳ ವೈದ್ಯರೇ ಹೀಗೆ ಕೇಳಿ ಎಂದು ಹೇಳುತ್ತಾರೆ. ಒಂದನ್ನೇ ಕೇಳಿದರೆ ತೀರ್ಪು ಕೊಟ್ಟ ಹಾಗೆ ಕೇಳಿಸುತ್ತದೆ, ಆದ್ದರಿಂದ ನಾಲ್ಕರಲ್ಲಿ ಒಂದಾಗಿ ಕೇಳಿ. ಮಗಳಿಗೆ ಅಲರ್ಜಿ ಏನಾದರೂ ಇದ್ದರೆ ನೀವೇ ಹೇಳಿ, ನಾಯಿ ಇದೆಯಾ, ಈಜುಕೊಳಕ್ಕೆ ಬೇಲಿ ಇದೆಯಾ, ಗನ್ ಇದ್ದರೆ ಲಾಕ್ ಆಗಿದೆಯಾ ಎಂದು ಮೆಸೇಜ್ ಹಾಕಿ. "ಇದೆಯಾ" ಎಂಬುದಕ್ಕಿಂತ "ಇದ್ದರೆ ಹೇಗಿಟ್ಟಿದ್ದೀರಿ" ಎಂಬುದಕ್ಕೆ ಉತ್ತರ ಸಲೀಸಾಗಿ ಬರುತ್ತದೆ. ಒಳ್ಳೆಯ ಉತ್ತರದಲ್ಲಿ ಮೂರು ಅಂಶ ಇರಬೇಕು: ಗುಂಡಿಲ್ಲ, ಬೀಗದೊಳಗಿದೆ, ಗುಂಡುಗಳು ಬೇರೆ ಬೀಗದೊಳಗಿವೆ. "ಮಕ್ಕಳಿಗೆ ಎಟುಕದ ಎತ್ತರದಲ್ಲಿದೆ" ಎಂದರೆ ಅದು ಉತ್ತರವಲ್ಲ, ಕುರ್ಚಿ ಎಲ್ಲರ ಮನೆಯಲ್ಲೂ ಇದೆ. ಒಪ್ಪಿಗೆಯಾಗದಿದ್ದರೆ ಆ ಮಗುವನ್ನೇ ನಿಮ್ಮ ಮನೆಗೆ ಕರೆಯಿರಿ, ದೋಸೆ ಮಾಡಿಕೊಡಿ.

ಟೆಕ್ಸಾಸ್ ಕಾನೂನಿನ ಪ್ರಕಾರ 17 ವರ್ಷದೊಳಗಿನ ಮಗುವಿಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ನಿರ್ಲಕ್ಷ್ಯದಿಂದ ಬಿಡುವುದು ಅಪರಾಧ. ಕೇಬಲ್ ಲಾಕನ್ನು 'ಪ್ರಾಜೆಕ್ಟ್ ಚೈಲ್ಡ್‌ಸೇಫ್' ಯೋಜನೆಯಲ್ಲಿ ಹಲವು ಪೊಲೀಸ್ ಇಲಾಖೆಗಳು ಪುಕ್ಕಟೆ ಕೊಡುತ್ತವೆ. ನಮ್ಮವರ ಮನೆ ಎಂದು ಈ ಪ್ರಶ್ನೆ ಬಿಡಬೇಡಿ. ಕನ್ನಡ ಕೂಟದಲ್ಲೂ ಈಗ ಬೇಟೆಗೆ ಹೋಗುವವರಿದ್ದಾರೆ.

ಪ್ರಶ್ನೆ: ಪಕ್ಕದ ಮನೆಯ ಹುಡುಗನಿಗೆ ಏರ್‌ಗನ್ ಕೊಡಿಸಿದ್ದಾರೆ. ಜೊತೆಗೆ ಮಂಗ ಓಡಿಸಲು ಪೈಪಿನ ಕಾರ್ಬೈಡ್ ಗನ್ ಬೇರೆ. ಇವೆರಡೂ ಆಟಿಕೆ ತಾನೇ?
— ಸುಳ್ಯದ ಓದುಗರು

ಉತ್ತರ: ಎರಡೂ ಅಲ್ಲ. 0.177 ಬೋರಿನ, 20 ಜೌಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದನ್ನೇ ಜನ ಆಟಿಕೆ ಎಂದು ಓದಿಕೊಳ್ಳುತ್ತಾರೆ. ಅದರ ಸೀಸದ ಪೆಲೆಟ್ ಚರ್ಮ ತೂರುತ್ತದೆ, ಕಣ್ಣಿನ ಗುಡ್ಡೆಯನ್ನಂತೂ ಸಲೀಸಾಗಿ ಒಡೆಯುತ್ತದೆ. ಕೋವಿಗೆ ಹೇಳಿದ ಬೀಗ ಇದಕ್ಕೂ ಬೇಕು, ದೊಡ್ಡವರಿಲ್ಲದೆ ಹೊಡೆಯುವಂತಿಲ್ಲ, ಗುರಿಯ ಹಿಂದೆ ಮಣ್ಣಿನ ದರೆಯೋ ಮರಳು ಚೀಲವೋ ಇರಬೇಕು. ತಗಡಿನ ಶೀಟು, ತೆಂಗಿನ ಮರದ ಕಾಂಡ ಬೇಡ, ಪೆಲೆಟ್ ತಿರುಗಿ ಬರುತ್ತದೆ.

ಕಾರ್ಬೈಡ್ ಗನ್ನಿನಲ್ಲಿ ಪಿವಿಸಿ ಪೈಪಿನೊಳಗೆ ಕ್ಯಾಲ್ಸಿಯಂ ಕಾರ್ಬೈಡ್ ಚೂರಿಗೆ ನೀರು ತಾಗಿ ಅಸಿಟಿಲಿನ್ ಅನಿಲ ಏಳುತ್ತದೆ, ಲೈಟರಿನ ಕಿಡಿಗೆ ಅದು ಢಂ ಅನ್ನುತ್ತದೆ. ಒಮ್ಮೆ ಹತ್ತದಿದ್ದರೆ ಹುಡುಗರು ಮಾಡುವ ಮೊದಲ ಕೆಲಸ ಪೈಪಿನೊಳಗೆ ಇಣುಕುವುದು. ಅನಿಲ ಇನ್ನೂ ಒಳಗೇ ಇರುತ್ತದೆ. 2025ರ ದೀಪಾವಳಿಯಲ್ಲಿ ಭೋಪಾಲ ಮತ್ತು ಸುತ್ತಮುತ್ತ ಇದೇ ಪೈಪಿನಿಂದ ಬಹಳ ಮಕ್ಕಳ ಕಣ್ಣಿಗೆ ಪೆಟ್ಟಾಗಿ, ಅಲ್ಲಿ ಅದನ್ನು ನಿಷೇಧಿಸಿದರು. ಮಂಗ ಬರಬರುತ್ತಾ ಈ ಸದ್ದಿಗೆ ಒಗ್ಗಿಕೊಳ್ಳುತ್ತದೆ, ಅದಕ್ಕಾಗಿ ಮಗುವಿನ ಕಣ್ಣನ್ನು ಪಣಕ್ಕಿಡಬೇಕೇ?

ಪೆಟ್ಟಾದರೆ ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ, ಇದನ್ನು ನೆನಪಿಡಿ. ಕಾರ್ಬೈಡ್ ಸಿಡಿದಿದ್ದರೆ ಅದರ ಸುಣ್ಣ ಕಣ್ಣನ್ನು ಸುಡುತ್ತಲೇ ಇರುತ್ತದೆ. ಅಲ್ಲೇ, ಆಗಲೇ, ರೆಪ್ಪೆ ಬಿಡಿಸಿ ಶುದ್ಧ ನೀರು ಹರಿಸಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಿರಿ, ಆಮೇಲೆ ಆಸ್ಪತ್ರೆ. ಪೆಲೆಟ್, ಚರೆ ಅಥವಾ ಕೇಪಿನ ಚೂರು ತಾಗಿದ್ದರೆ ತೊಳೆಯಬೇಡಿ, ಉಜ್ಜಬೇಡಿ, ಕೀಳಬೇಡಿ, ಹನಿ ಔಷಧ ಬಿಡಬೇಡಿ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿಕೊಂಡು, ಆ ತಳವನ್ನೇ ಕಣ್ಣಿನ ಗುಡ್ಡೆಗೆ ತಾಗದಂತೆ ಮೇಲೆ ಮುಚ್ಚಿ, ಅಂಚಿಗೆ ಮಾತ್ರ ಟೇಪು ಹಚ್ಚಿ ಕಣ್ಣಿನ ಆಸ್ಪತ್ರೆಗೆ ಒಯ್ಯಿರಿ. ತಿನ್ನಲು ಕುಡಿಯಲು ಏನೂ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ಒಳಗೆ ಲೋಹ ಇದ್ದಿರಬಹುದೆಂದು ವೈದ್ಯರಿಗೆ ಮೊದಲೇ ಹೇಳಿ, ಒಳಗೆ ಲೋಹವಿಲ್ಲ ಎಂದು ಖಚಿತವಾಗುವವರೆಗೆ ಎಂಆರ್‌ಐ ಮಾಡುವಂತಿಲ್ಲ. ಸಾಧ್ಯವಿದ್ದರೆ ಅದೇ ಡಬ್ಬಿಯ ಇನ್ನೊಂದು ಪೆಲೆಟ್ಟನ್ನು ಜೊತೆಯಲ್ಲಿ ತೆಗೆದುಕೊಂಡು ಹೋಗಿ.